ಒಮ್ಮೆ ತಂದ ಬೆಕ್ಕನ್ನು ಹಿಂದಕ್ಕೆ ಕೊಡಲಾಗುವುದಿಲ್ಲ

ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಬೇರೆಯವರ ಬಾಯಿಂದ ಕೇಳಿ ನೀವು ಬೇಸರ ಮಾಡಿಕೊಳ್ಳುವುದು ಬೇಡ. ನಾನು ಕೊಂಡ ಸಾಮಾನನ್ನು ವಾಪಸ್ ಕೊಡುವ ಹೆಂಗಸು. ಕೊಳ್ಳುವಾಗ ಆಗುವ ಸಂತೋಷಕ್ಕಿಂತ ಹಿಂದಕ್ಕೆ ಕಳಿಸುವಾಗ ಆಗುವ ಸಂತೋಷವೇ ನನಗೆ ಒಂದು ಹಿಡಿ ಹೆಚ್ಚು. ಮೊಬೈಲಿನಲ್ಲಿ ಸಾಮಾನು ತರಿಸುವ ಈ ಕಾಲ ನನ್ನಂಥವರಿಗೆಂದೇ ಬಂದದ್ದು. ಸೀರೆಯ ಅಂಚು ಫೋಟೋದಲ್ಲಿ ಕಂಡಷ್ಟು ಅಗಲವಿಲ್ಲ, ವಾಪಸ್. ತವಾದ ಹಿಡಿ ಬಿಸಿಯಾಗುತ್ತದೆ, ವಾಪಸ್. ನಮ್ಮವರಿಗೆ ತರಿಸಿದ ಅಂಗಿ ಅವರಿಗೆ ಸರಿಯಾಗಿಯೇ ಆಯಿತು, ಆದರೆ ಅದನ್ನು ಹಾಕಿಕೊಂಡು ಅವರು ಕನ್ನಡಿಯ ಮುಂದೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಂತರು, ಹಾಗಾಗಿ ಅದೂ ವಾಪಸ್. ಕಟಪಾಡಿಯ ನಮ್ಮ ಮನೆಗೆ ಪಾರ್ಸೆಲ್ ತರುವವರು ಶರಣಪ್ಪ, ಕೊಪ್ಪಳದ ಕಡೆಯವರು. ಸಾಮಾನು ಕೊಟ್ಟು ಹೊರಡುವಾಗ ಅವರು "ಹೋಗಿ ಬರ್ತೀನ್ರಿ ಅಮ್ಮಾರ" ಎನ್ನುವುದು ಬರೀ ಮರ್ಯಾದೆಗಲ್ಲ. ಅದೇ ಸಾಮಾನಿಗಾಗಿ ಮತ್ತೆ ಬರಬೇಕಾಗುತ್ತದೆ ಎಂದು ಅವರಿಗೆ ಗೊತ್ತು.

ಇಂಥ ನನಗೆ ಮೊನ್ನೆ ಒಂದು ಸಂಕಟ ಬಂತು. ಟೇಬಲ್ ಫ್ಯಾನ್ ತರಿಸಿದ್ದೆ. ಗಾಳಿ ಕೊಡುವುದಕ್ಕಿಂತ ಗೊಣಗುವುದರಲ್ಲಿ ಅದಕ್ಕೆ ಆಸಕ್ತಿ. ಸರಿ, ವಾಪಸ್ ಎಂದು ಒತ್ತಿದೆ. ಶರಣಪ್ಪ ಬಂದು ಗೇಟಿನ ಹತ್ತಿರ ನಿಂತರು. ನಾನು ಫ್ಯಾನನ್ನು ಎತ್ತಿಕೊಂಡು ಮನೆಯ ಮುಂದಿನ ಸಿಟೌಟಿಗೆ ಬಂದು ನೋಡುತ್ತೇನೆ, ಅಲ್ಲಿಟ್ಟಿದ್ದ ಅದರ ರಟ್ಟಿನ ಪೆಟ್ಟಿಗೆಯೊಳಗೆ ಒಂದು ಬೆಕ್ಕು ಮಲಗಿದೆ. ಹೈವೇಯ ಆಚೆ ಬದಿಯಲ್ಲಿ ಅಲ್ಲಿ ಇಲ್ಲಿ ತಿರುಗುತ್ತಿದ್ದ, ಒಂದು ಕಿವಿ ಹರಿದ ಕಂದು ಬಣ್ಣದ ಬೀದಿಬೆಕ್ಕು. ಆ ರಸ್ತೆಯನ್ನು ದಾಟಲು ನಾನೇ ಯಾರದ್ದಾದರೂ ಕೈ ಹಿಡಿಯುತ್ತೇನೆ, ಇದು ಹೇಗೆ ದಾಟಿತೋ. ಪೆಟ್ಟಿಗೆಯ ಒಂದು ಮೂಲೆಯನ್ನು ಎತ್ತಿ ಅಲುಗಿಸಿದೆ. ಅದು ಒಂದು ಕಣ್ಣು ತೆರೆದು, ನನ್ನನ್ನು ನೋಡಿ, ಪುನಃ ಮುಚ್ಚಿಕೊಂಡಿತು. ಶರಣಪ್ಪ ಬಗ್ಗಿ ನೋಡಿ, "ಪೆಟಗಿ ಇಲ್ದ ಫ್ಯಾನ್ ಒಯ್ಯಂಗಿಲ್ರಿ ಅಮ್ಮಾರ, ಬೆಕ್ಕು ಸ್ಕ್ಯಾನ್ ಆಗಂಗಿಲ್ಲ" ಎಂದರು. ಅಷ್ಟರಲ್ಲಿ ಮೂಲೆಯ ಕುರ್ಚಿಯಲ್ಲಿ ಅಲಸಂಡೆ ಮುರಿಯುತ್ತಾ ಕುಳಿತಿದ್ದ ನನ್ನ ಅಮ್ಮ ತಲೆ ಎತ್ತದೆ, "ಅದನ್ನು ಎಬ್ಬಿಸಬೇಡ. ಫ್ಯಾನು ನಾಳೆ ಹೋಗಲಿ" ಎಂದಳು. ನನಗೆ ಆಶ್ಚರ್ಯವಾಯಿತು. ಏಕೆಂದರೆ ಈ ವಾಪಸ್ ಕೊಡುವ ವಿದ್ಯೆಯನ್ನು ನನಗೆ ಧಾರೆ ಎರೆದವಳೇ ಅವಳು.

ನಾನು ಹುಟ್ಟಿ ಬೆಳೆದದ್ದು ಕಾಪುವಿನಲ್ಲಿ. ಅಪ್ಪನದ್ದು ಬಸ್ಸು ನಿಲ್ಲುವಲ್ಲಿ ಒಂದು ಸಸ್ಯಾಹಾರಿ ಹೋಟೆಲು, ಅದರ ಹಿಂದೆಯೇ ನಮ್ಮ ಮನೆ. ಬನ್ಸ್, ಗೋಳಿಬಜೆ, ಸಾಂಬಾರು. ಕಾಪುವಿನಲ್ಲಿಯೂ ಅಂಗಡಿಗಳಿದ್ದವು, ಆದರೆ ಅಮ್ಮ ಅಲ್ಲಿ ಏನೂ ಕೊಳ್ಳುತ್ತಿರಲಿಲ್ಲ. ಬೆಳಿಗ್ಗೆ ನಮ್ಮಲ್ಲಿ ಚಹಾ ಕುಡಿದು ಹೋದವರ ಹತ್ತಿರ ಮಧ್ಯಾಹ್ನ ಚರ್ಚೆ ಮಾಡಿದರೆ ಚೆಂದ ಕಾಣುವುದಿಲ್ಲ ಎನ್ನುವುದು ಅವಳ ಕಾರಣ. ಚರ್ಚೆಗೆಂದೇ ಅವಳು ತಿಂಗಳಿಗೊಮ್ಮೆ ನನ್ನನ್ನು ಕರೆದುಕೊಂಡು ಉಡುಪಿ ಪೇಟೆಗೆ ಹೊರಡುತ್ತಿದ್ದಳು. ಆ ದಿನಕ್ಕಾಗಿ ನಾನು ತಿಂಗಳಿಡೀ ಜೀವ ಹಿಡಿದುಕೊಂಡಿರುತ್ತಿದ್ದೆ. ಎಕ್ಸ್‌ಪ್ರೆಸ್ ಬಸ್ಸಿನ ಕಿಟಕಿ ಬದಿಯ ಸೀಟು, ಬಟ್ಟೆ ಅಂಗಡಿಯ ಬಿಳಿ ಗಾದಿ, ಹೊಸ ಬಟ್ಟೆಯ ಗಂಜಿಯ ವಾಸನೆ, ಎಲ್ಲ ಮುಗಿದ ಮೇಲೆ ಉದ್ದ ಗ್ಲಾಸಿನಲ್ಲಿ ಗಡ್‌ಬಡ್ ಐಸ್ಕ್ರೀಮು. ಆ ಐಸ್ಕ್ರೀಮಿನ ತಳದಲ್ಲಿರುವ ಜೆಲ್ಲಿಗಾಗಿ ನಾನು ಎಂಥ ಉಪದೇಶವನ್ನು ಬೇಕಾದರೂ ಕೇಳಿಸಿಕೊಳ್ಳುತ್ತಿದ್ದೆ.

ಪೇಟೆಯಲ್ಲಿ ಅಮ್ಮನಿಗೆ ಅವಳದ್ದೇ ಶಾಸ್ತ್ರವಿತ್ತು. ಕಡಿಮೆ ಮಾಡಿ ಎಂದ ಕೂಡಲೇ ಅಂಗಡಿಯವರು ಒಪ್ಪಿದರೆ ಮಾಲಿನಲ್ಲಿ ಹುಳುಕು ಉಂಟು ಎಂದರ್ಥ. ಮುಖ ಗಂಟಿಕ್ಕಿಕೊಂಡು ಒಪ್ಪಿದರೆ ಮಾಲು ಒಳ್ಳೆಯದು. ವಾಪಸ್ ಕೊಡುವಾಗಲೂ ಅದೇ ಶಾಸ್ತ್ರ. ಅವರು ಗೊಣಗುತ್ತಾ ತೆಗೆದುಕೊಂಡರೆ ನಾವು ಕೊಟ್ಟದ್ದು ಸರಿ, ನಗುನಗುತ್ತಾ ತೆಗೆದುಕೊಂಡರೆ ನಮಗೆ ಟೋಪಿ ಬಿತ್ತು. ಪ್ರತಿ ತಿಂಗಳೂ ನಮ್ಮ ಚೀಲದಲ್ಲಿ ಹೋದ ತಿಂಗಳಿನ ಯಾವುದಾದರೂ ಒಂದು ಸಾಮಾನು ಹಿಂದಕ್ಕೆ ಪ್ರಯಾಣ ಮಾಡುತ್ತಿತ್ತು. ಪ್ರಭುಗಳ ಪಾತ್ರೆ ಅಂಗಡಿಯಲ್ಲಿ ಗಲ್ಲಾದ ಮೇಲೆಯೇ ಒಂದು ಬೋರ್ಡು ಇತ್ತು: 'ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ'. ಅಮ್ಮ ಅದರ ಕೆಳಗೇ ನಿಂತು ಮುಚ್ಚಳ ಸಡಿಲವಾದ ಡಬ್ಬಿಗಳನ್ನೂ, ಸದ್ದು ಸರಿಯಿಲ್ಲದ ತಂಬಿಗೆಗಳನ್ನೂ ಹಿಂದಕ್ಕೆ ಕೊಡುತ್ತಿದ್ದಳು. ಪ್ರಭುಗಳು ಒಮ್ಮೆ ಪಾಪ, ಬೋರ್ಡಿನ ಕಡೆ ಬೆರಳು ತೋರಿಸಿದ್ದರು. ಕನ್ನಡಕ ತಂದಿಲ್ಲ ಎಂದಳು ಅಮ್ಮ. ಆಗ ಅವಳಿಗೆ ಕನ್ನಡಕವೇ ಇರಲಿಲ್ಲ.

ಅದೇ ಅಂಗಡಿಯಲ್ಲಿ ಒಂದು ದಿನ ಅವಳು ಅಕ್ಕಿ ಡಬ್ಬಿಯನ್ನು ಬೆರಳ ಗಂಟಿನಿಂದ ಕುಟ್ಟಿ ಕುಟ್ಟಿ ಪರೀಕ್ಷಿಸುತ್ತಿದ್ದಾಗ, ಕೆಳಗಿಟ್ಟಿದ್ದ ನಮ್ಮ ಬಟ್ಟೆಯ ಚೀಲದೊಳಗೆ ಏನೋ ಹೊಕ್ಕಿತು. ನಮಗೆ ಗೊತ್ತಾಗಲಿಲ್ಲ. ಬಸ್ಸು ಉದ್ಯಾವರ ದಾಟುವಾಗ ಚೀಲ ಮಿಯಾಂವ್ ಎಂದಿತು. ತೆರೆದು ನೋಡಿದರೆ, ಹೊಸ ಟವೆಲಿನ ಮೇಲೆ ಮುಷ್ಟಿಯಷ್ಟು ದೊಡ್ಡ ಬೂದು ಬಣ್ಣದ ಮರಿ. ಅಮ್ಮ ಗಾಬರಿಯಿಂದ, ಇದು ನಮ್ಮದಲ್ಲ ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದಳು. ನಿಮ್ಮದಲ್ಲವಾದರೆ ಕಟಪಾಡಿಯಲ್ಲಿ ಇಳಿಸಿಬಿಡುವ ಎಂದು ಕಂಡಕ್ಟರು ಅದರ ಕುತ್ತಿಗೆ ಹಿಡಿದು ಎತ್ತಿದ. ಬಸ್ಸು ಕಟಪಾಡಿಯಲ್ಲಿ ನಿಂತಿತು. ಹೊರಗೆ ಲಾರಿಗಳು ಬರ್ರೆಂದು ಹೋಗುತ್ತಿದ್ದವು. ಅಮ್ಮ ಒಮ್ಮೆ ರಸ್ತೆ ನೋಡಿದಳು, ಒಮ್ಮೆ ಮರಿಯನ್ನು ನೋಡಿದಳು. ಆಮೇಲೆ, "ಇಲ್ಲಿ ಕೊಡು ಮಾರಾಯ. ಅದು ಪ್ರಭುಗಳ ಅಂಗಡಿಯದ್ದು. ಬರುವ ತಿಂಗಳು ವಾಪಸ್ ಕೊಡಲಿಕ್ಕುಂಟು" ಎಂದಳು.

ಅಲ್ಲಿಂದ ನನ್ನ ಕಷ್ಟಕಾಲ ಶುರುವಾಯಿತು. ಅದಕ್ಕೆ ಡಬ್ಬಿ ಎಂದು ಹೆಸರಿಟ್ಟೆ. ಹೆಸರಿಡಬೇಡ, ವಾಪಸ್ ಕೊಡುವ ಸಾಮಾನಿಗೆ ಹೆಸರಿಡುವ ಕ್ರಮವಿಲ್ಲ ಎಂದು ಅಮ್ಮ ಹೇಳಿದಳು. ಅಷ್ಟರಲ್ಲಿ ಡಬ್ಬಿ ನನ್ನ ಲಂಗದ ನೆರಿಗೆಯಲ್ಲಿ ನಿದ್ದೆ ಮಾಡುವುದನ್ನು ಕಲಿತಾಗಿತ್ತು. ತಿಂಗಳಿಡೀ ಪೇಟೆಯ ದಿನಕ್ಕಾಗಿ ಕಾಯುತ್ತಿದ್ದ ನಾನು, ಆ ದಿನ ಬಾರದಿರಲಿ ಎಂದು ದೇವರಿಗೆ ಕೈಮುಗಿಯತೊಡಗಿದೆ. ಬಸ್ಸು ಸ್ಟ್ರೈಕ್ ಆಗಲಿ, ಉಡುಪಿಯ ಅಂಗಡಿಗಳೆಲ್ಲ ಬಂದ್ ಆಗಲಿ, ಬೇಕಾದರೆ ನನಗೆ ಜ್ವರವೇ ಬರಲಿ ಎಂದೆ. ಇನ್ನು ಜನ್ಮದಲ್ಲಿ ಗಡ್‌ಬಡ್ ಕೇಳುವುದಿಲ್ಲ ಎಂದು ಹರಕೆ ಹೊರುವವರೆಗೆ ಹೋದೆ. ಅದೊಂದನ್ನು ಮಾತ್ರ, ದೇವರಿಗೆ ಸರಿಯಾಗಿ ಕೇಳಿಸದ ಹಾಗೆ ಸಣ್ಣ ಧ್ವನಿಯಲ್ಲಿ ಹೇಳಿದೆ.

ಇದರ ನಡುವೆ ಡಬ್ಬಿ ಊಟ ಬಿಟ್ಟಿತು. ಹಾಲನ್ನು ಎರಡು ದಿನ ಮರ್ಯಾದೆಗೆ ಕುಡಿಯಿತು. ಮೊಸರನ್ನ ಇಟ್ಟರೆ ಮೂಸಿ, ಹೋಟೆಲಿನಲ್ಲಿ ತಣ್ಣಗಿನ ಇಡ್ಲಿ ಬಂದಾಗ ಗಿರಾಕಿ ನೋಡುವ ಹಾಗೆ ನಮ್ಮನ್ನು ನೋಡುತ್ತಿತ್ತು. ಪಕ್ಕೆಲುಬು ಕಾಣತೊಡಗಿತು. ಅಮ್ಮನಿಗೆ ಚಿಂತೆಯಾಯಿತು. ತಂದ ಸಾಮಾನನ್ನು ತಂದ ಹಾಗೆಯೇ ವಾಪಸ್ ಕೊಡಬೇಕು, ಸೊರಗಿದ್ದನ್ನು ಕೊಟ್ಟರೆ ಪ್ರಭುಗಳಿಗೆ ಮಾತಾಡಲು ಬಾಯಿ ಕೊಟ್ಟ ಹಾಗಾಗುತ್ತದೆ ಎಂದು ಅವಳು ನನಗೆ ವಿವರಿಸಿದಳು. ಹಾಗಾಗಿ ಒಂದು ದಿನ, ಬುಟ್ಟಿ ಹೊತ್ತುಕೊಂಡು ಕಡಲ ಕಡೆಯಿಂದ ಬರುತ್ತಿದ್ದ ಮೀನು ಮಾರುವ ಗುಲಾಬಿಯನ್ನು ಅವಳು ಹಿಂದಿನ ಬಾಗಿಲಿಗೆ ಕರೆದಳು. ಗುಲಾಬಿಯಕ್ಕನಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, ಮುಖ ಆಚೆ ತಿರುಗಿಸಿ, ಒಂದು ಬೂತಾಯಿ ಮೀನನ್ನು ಬದನೆಕಾಯಿ ಒತ್ತಿ ನೋಡುವ ಹಾಗೆ ಒತ್ತಿ ನೋಡಿ, "ಇದು ಎಳತು ಉಂಟಾ?" ಎಂದು ಕೇಳಿದಳು. ಗುಲಾಬಿಯಕ್ಕ ಅಂಗಳದಲ್ಲಿಯೇ ಕುಳಿತುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮರುದಿನದಿಂದ ಅವರೇ ಎಲೆಯಲ್ಲಿ ಕಟ್ಟಿ ಬಾವಿಕಟ್ಟೆಯ ಹಿಂದೆ ಇಟ್ಟು ಹೋಗತೊಡಗಿದರು. ಡಬ್ಬಿ ಹೊಟ್ಟೆ ತುಂಬಾ ತಿಂದು ಉರುಟಾಯಿತು.

ಆದರೆ ಸಸ್ಯಾಹಾರಿ ಹೋಟೆಲಿನ ಹಿಂದಿನ ಬಾಗಿಲಿಗೆ ದಿನಾ ಮೀನಿನವರು ಬಂದು ಹೋದರೆ ಊರು ಸುಮ್ಮನಿರುತ್ತದೆಯೇ? ಹೋಟೆಲಿನ ಬೆಂಚುಗಳಲ್ಲಿ ಗುಸುಗುಸು ಶುರುವಾಯಿತು. ಭಟ್ರ ಸಾಂಬಾರಿನ ರುಚಿಯ ಗುಟ್ಟು ಈಗ ತಿಳಿಯಿತು ಎಂದು ಯಾರೋ ಹೇಳಿ, ಇನ್ನೊಂದು ಸೌಟು ಹಾಕಿಸಿಕೊಂಡರಂತೆ. ಅಪ್ಪನಿಗೆ ವಿಷಯ ತಲುಪಿತು. ಅಪ್ಪ ಸಿಟ್ಟು ಮಾಡುವವರಲ್ಲ, ಹೆಗಲ ಮೇಲಿನ ಬೈರಾಸವನ್ನು ತೆಗೆದು ಕೊಡವಿ ಪುನಃ ಹಾಕಿಕೊಂಡರೆ ಅದೇ ಅವರ ಸಿಟ್ಟು. ಅಂದು ಅದನ್ನು ಎರಡು ಸಲ ಕೊಡವಿದರು. ಈ ಹೋಟೆಲಿನಿಂದಲೇ ನಮ್ಮೆಲ್ಲರ ಹೊಟ್ಟೆ ನಡೆಯುವುದು, ಬರುವ ಶನಿವಾರ ಪೇಟೆಗೆ ಹೋಗುವಾಗ ಬೆಕ್ಕು ಹೋಗಲೇಬೇಕು ಎಂದರು. ನಾನು ಬಾವಿಕಟ್ಟೆಯ ಹಿಂದೆ ಕುಳಿತು ಅತ್ತೆ. ಡಬ್ಬಿ ಪಕ್ಕದಲ್ಲಿ ಕುಳಿತು ಮುಖ ತೊಳೆದುಕೊಂಡಿತು.

ಶನಿವಾರ ಅದೇ ಚೀಲದಲ್ಲಿ, ಅದೇ ಟವೆಲಿನ ಮೇಲೆ ಡಬ್ಬಿಯನ್ನು ಕೂರಿಸಿಕೊಂಡು ಉಡುಪಿಗೆ ಹೋದೆವು. ಕಿಟಕಿ ಬದಿಯ ಸೀಟು ಸಿಕ್ಕಿತು, ನಾನು ಹೊರಗೆ ನೋಡಲೇ ಇಲ್ಲ. ಪ್ರಭುಗಳ ಅಂಗಡಿಯಲ್ಲಿ ಅವಳು ಚೀಲವನ್ನು ಗಲ್ಲಾದ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಡಬ್ಬಿ ತಲೆ ಹೊರಗೆ ಹಾಕಿತು. ಪ್ರಭುಗಳ ಮುಖ ಅರಳಿತು. ಹಿತ್ತಾಳೆ ಪಾತ್ರೆಗಳ ಹಿಂದೆ ಇಲಿಗಳ ಸಂಸಾರವೇ ಆಗಿದೆ, ತಾಯಿ ಬೆಕ್ಕೂ ಎಲ್ಲಿಯೋ ಹೋಯಿತು, ಇದನ್ನು ಇಲ್ಲಿಯೇ ಬಿಡಿ, ಬಹಳ ಉಪಕಾರವಾಯಿತು ಎಂದು ಎರಡೂ ಕೈ ಮುಂದೆ ಚಾಚಿದರು. ಇಷ್ಟು ವರ್ಷಗಳಲ್ಲಿ ಆ ಮನುಷ್ಯ ಅಮ್ಮನಿಂದ ಒಂದು ಚಮಚವನ್ನೂ ನಗುತ್ತಾ ವಾಪಸ್ ತೆಗೆದುಕೊಂಡವರಲ್ಲ.

ಅಮ್ಮ ಚೀಲವನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು. ತಲೆ ಎತ್ತಿ ಗಲ್ಲಾದ ಮೇಲಿನ ಗೋಡೆಯನ್ನು ನೋಡಿದಳು. ಬೋರ್ಡನ್ನು ಮೊದಲಿನಿಂದ ಕೊನೆಯವರೆಗೆ, ಒಂದೊಂದೇ ಶಬ್ದವಾಗಿ, ಗಟ್ಟಿಯಾಗಿ ಓದಿದಳು. "ಇದು ನೀವೇ ಹಾಕಿದ ಬೋರ್ಡಲ್ವಾ ಪ್ರಭುಗಳೇ?" ಎಂದಳು. ಅದು ಮಾಲಿಗೆ ಹಾಕಿದ್ದು, ಬೆಕ್ಕಿಗಲ್ಲ ಎಂದು ಅವರು ತಡವರಿಸಿದರು. "ಬೋರ್ಡು ಅಂದರೆ ಬೋರ್ಡು. ನಮ್ಮಿಂದ ಅದು ತಪ್ಪುವುದು ಬೇಡ" ಎಂದು ಹೇಳಿ, ಅಮ್ಮ ನನ್ನ ಕೈ ಹಿಡಿದುಕೊಂಡು ಮೆಟ್ಟಲಿಳಿದಳು. ನನಗೆ ಆದ ಸಂತೋಷವನ್ನು ಈಗಲೂ ನೆನೆಸಿಕೊಂಡರೆ ಎದೆ ತುಂಬಿ ಬರುತ್ತದೆ. ಐಸ್ಕ್ರೀಮಿನ ಅಂಗಡಿಯಲ್ಲಿ ನನ್ನ ಹರಕೆಯ ನೆನಪಾಯಿತು, ಆದರೆ ಸಣ್ಣ ಧ್ವನಿಯಲ್ಲಿ ಹೇಳಿದ್ದರಿಂದ ಪರವಾಗಿಲ್ಲ ಎಂದು ತಿಂದೆ. ತಳದ ಜೆಲ್ಲಿಯನ್ನು ಡಬ್ಬಿಗೆ ಕೊಟ್ಟೆ. ಅದು ಮುಟ್ಟಲಿಲ್ಲ.

ಮನೆಗೆ ಬಂದು ಅಮ್ಮ ಅಪ್ಪನಿಗೆ, "ಅವರಲ್ಲಿ ವಾಪಸ್ ತೆಗೆದುಕೊಳ್ಳುವ ಕ್ರಮ ಇಲ್ಲ, ಬೋರ್ಡು ಉಂಟು" ಎಂದಳು. ಅಪ್ಪ ಬೈರಾಸಕ್ಕೆ ಕೈ ಹಾಕಿದರು, ಕೊಡವಲಿಲ್ಲ. ಹಿಂದಿನಿಂದ ಬಂದರೆ ತಾನೇ ಜನರಿಗೆ ಸಂಶಯ, ಗುಲಾಬಿ ಇನ್ನು ಹೋಟೆಲಿನ ಎದುರಿನಿಂದಲೇ ಬಂದು ಬದಿಯ ಓಣಿಯಲ್ಲಿ ಹೋಗಲಿ, ಕೇಳಿದವರಿಗೆ ಬೆಕ್ಕು ತೋರಿಸುವ ಎಂದರು. ಹಾಗೆಯೇ ಆಯಿತು. ಸ್ವಲ್ಪ ದಿನದಲ್ಲಿ ಗಿರಾಕಿಗಳು ಚಹಾ ಕುಡಿದು, ಡಬ್ಬಿಯನ್ನು ಮಾತಾಡಿಸಿ ಹೋಗತೊಡಗಿದರು. ಇನ್ನೊಂದು ಸೌಟು ಸಾಂಬಾರು ಕೇಳುವವರು ಮಾತ್ರ ಸ್ವಲ್ಪ ಕಡಿಮೆಯಾದರು ಎಂದು ಅಪ್ಪ ಆಗಾಗ ಹೇಳುವುದಿತ್ತು.

ಈಗ ಪುನಃ ನನ್ನ ಸಿಟೌಟಿಗೆ ಬರುತ್ತೇನೆ. ಶರಣಪ್ಪ ಮರುದಿನವೂ ಬಂದರು, ಅದರ ಮರುದಿನವೂ ಬಂದರು. ಪೆಟ್ಟಿಗೆ ಖಾಲಿಯಾಗಲಿಲ್ಲ. ಫ್ಯಾನು ಹಿಂದಕ್ಕೆ ಕಳಿಸುವ ಗಡುವು ನನ್ನ ಕಣ್ಣೆದುರಿನಲ್ಲೇ ಮುಗಿದುಹೋಯಿತು. ಅಮ್ಮ ಒಂದು ಬೆಳಿಗ್ಗೆ ಬೆಕ್ಕನ್ನು ಎತ್ತಿ, ಹಿಂದೆ ಅಕ್ಕಿ ಡಬ್ಬಿಯನ್ನು ನೋಡುತ್ತಿದ್ದ ಹಾಗೆ ತಿರುಗಿಸಿ, ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿ, "ಇದು ಒಂದೇ ಅಲ್ಲ ಮಾರಾಯ್ತಿ, ಒಳಗೆ ಇನ್ನೂ ಉಂಟು. ಇದಕ್ಕೆ ದೊಡ್ಡ ಪೆಟ್ಟಿಗೆ ಆಗಬೇಕು" ಎಂದಳು. ನಮಗೆ ಏರ್ ಕೂಲರಿನ ಅಗತ್ಯವೇನೂ ಇರಲಿಲ್ಲ. ಆದರೆ ಅಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಬರುವ ಬೇರೆ ಸಾಮಾನು ನನಗೆ ತೋಚಲಿಲ್ಲ. ಕೂಲರು ಬಂದಾಗ, ಪೆಟ್ಟಿಗೆ ಇಟ್ಟುಕೊಂಡು ಸಾಮಾನು ಮಾತ್ರ ವಾಪಸ್ ಕೊಡಬಹುದಾ ಎಂದು ಶರಣಪ್ಪನವರನ್ನು ಕೇಳಿದೆ. ಹಾಗೆ ರೂಲ್ಸ್ ಇಲ್ಲವಂತೆ. ಹಾಗಾಗಿ ಈಗ ನಮ್ಮಲ್ಲಿ ಒಂದು ಗೊಣಗುವ ಫ್ಯಾನೂ, ಒಂದು ಬೇಡದ ಕೂಲರೂ, ಎರಡನ್ನೂ ನೋಡಿ ನಿಟ್ಟುಸಿರು ಬಿಡುವ ಯಜಮಾನರೂ ಇದ್ದಾರೆ.

ಅಂದು ಶರಣಪ್ಪ ಹೊರಡದೆ, ಹೊಸ ಪೆಟ್ಟಿಗೆಯೊಳಗೆ ಸುತ್ತು ಹೊಡೆದು ಜಾಗ ಹಿಡಿಯುತ್ತಿದ್ದ ಬೆಕ್ಕನ್ನೇ ನೋಡುತ್ತಾ ನಿಂತರು. ಮರಿಯಾದ ಮೇಲೆ ಒಂದನ್ನು ತಮಗೆ ಕೊಡಬಹುದಾ, ಮನೆಯಲ್ಲಿ ಮಗಳು ಬಹಳ ದಿನದಿಂದ ಕೇಳುತ್ತಿದ್ದಾಳೆ ಎಂದರು. ನನಗೆ ಖುಷಿಯಾಯಿತು. ಧಾರಾಳವಾಗಿ ಕೊಡುವ ಎಂದೆ. ಅಷ್ಟು ಹೇಳಿ ಸುಮ್ಮನಿರಬೇಕಿತ್ತು. ಆದರೆ ಆ ಹುಡುಗಿಯನ್ನೂ, ಇನ್ನೂ ಹುಟ್ಟದ ಆ ಮರಿಯನ್ನೂ, ಯಾವುದೋ ಬಸ್ಸಿನಲ್ಲಿ ಹಿಂದಕ್ಕೆ ಹೋಗುವ ಚೀಲವನ್ನೂ ಒಟ್ಟಿಗೆ ನೆನೆಸಿಕೊಂಡು, ನನ್ನ ಬಾಯಿಂದ ಮಾತು ಹೊರಟೇ ಹೋಯಿತು. "ಒಂದು ವಿಷಯ ಶರಣಪ್ಪ, ಮೊದಲೇ ಹೇಳಿದ್ದೇನೆ. ಒಮ್ಮೆ ತೆಗೆದುಕೊಂಡು ಹೋದರೆ ಮತ್ತೆ ವಾಪಸ್ ಅಂತ ತರಬಾರದು."

ನನ್ನ ಸೀರೆ, ನನ್ನ ತವಾ, ನಮ್ಮವರ ಅಂಗಿ, ಎಲ್ಲವನ್ನೂ ಬೆನ್ನ ಮೇಲೆ ಹೊತ್ತುಕೊಂಡು ಹೋಗಿದ್ದ ಆ ಮನುಷ್ಯ ಬೈಕ್ ಸ್ಟಾರ್ಟ್ ಮಾಡುತ್ತಾ, ಬಹಳ ವಿನಯದಿಂದ ಹೇಳಿದರು. "ವಾಪಸ್ ಕೊಡೋ ಮಂದಿ ನಾವಲ್ರಿ ಅಮ್ಮಾರ."

ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಅಮ್ಮ ಅಲಸಂಡೆಯ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಗುವುದಕ್ಕೆಂದೇ ಹೋದದ್ದು, ನನಗೆ ಗೊತ್ತು.