ಗಿಣಿಗೆ ಸಹಿ ಹಾಕದ ನಾನು

ನನ್ನದು ಹಠಮಾರಿ ಸ್ವಭಾವ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮದುವೆಯ ಶರ್ಟು ಆರಿಸುವಾಗ ಬಾಯಿ ಮುಚ್ಚಿಕೊಂಡಿದ್ದೆ, ಫ್ಲ್ಯಾಟ್ ಆರಿಸುವಾಗಲೂ ಮುಚ್ಚಿಕೊಂಡಿದ್ದೆ. ಆದರೆ ಕುವೈತಿನ ಶುವೈಖಿನಲ್ಲಿರುವ ನಮ್ಮ ಬೋರ್ಡು ಅಂಗಡಿಗೆ ಹೊಸ ಪ್ರಿಂಟರ್ ಆರಿಸುವಾಗ ಮಾತ್ರ ಸುಮ್ಮನಿರಲು ಆಗಲಿಲ್ಲ. ದಿನಕ್ಕೆ ಹತ್ತು ಗಂಟೆ ಅದರ ಮುಂದೆ ನಿಲ್ಲುವವನು ನಾನು. ಹೆಂಡತಿಯ ಮುಖವನ್ನೂ ಅಷ್ಟು ಹೊತ್ತು ನೋಡುವುದಿಲ್ಲ. ನೋಡಿದರೆ ಅವಳೇ ಗಾಬರಿಯಾಗುತ್ತಾಳೆ.

ಹಳೆಯ ಪ್ರಿಂಟರ್ ಹನ್ನೊಂದು ವರ್ಷ ಫ್ಲೆಕ್ಸು, ಸ್ಟಿಕ್ಕರು ಎಂದು ದುಡಿದು, ಒಂದು ಬೆಳಿಗ್ಗೆ ದಂತವೈದ್ಯರೊಬ್ಬರ ಬೋರ್ಡಿನ ಹಲ್ಲುಗಳನ್ನೆಲ್ಲ ಹಳದಿ ಮಾಡಿ ಪ್ರಾಣ ಬಿಟ್ಟಿತು. ನಮ್ಮ ಮ್ಯಾನೇಜರ್ ವಿನ್ಸೆಂಟ್ ಸರ್ ಮಂಗಳೂರಿನವರು, ಮೃದು ಮಾತಿನವರು, ಕ್ಯಾಟಲಾಗ್ ಕಂಡರೆ ಕರಗುವವರು. ನನ್ನನ್ನು ಒಂದು ಶೋರೂಮಿಗೆ ಕರೆದುಕೊಂಡು ಹೋದರು. ಟೈ ಕಟ್ಟಿದ ಸೇಲ್ಸ್‌ಮನ್ ಗುಂಡಿ ಒತ್ತಿದ. ಬಾಗಿಲಷ್ಟು ಎತ್ತರದ ಗಿಣಿಯೊಂದು ಹೊರಬಂತು. ಅದರ ಗರಿಗಳನ್ನು ಎಣಿಸಬಹುದಿತ್ತು. ವಿನ್ಸೆಂಟ್ ಸರ್ ಆರ್ಡರ್ ಫಾರಂ ನನ್ನ ಮುಂದಿಟ್ಟು, ಮೆಷಿನ್ ಓಡಿಸುವವನ ಸಹಿಯೂ ಬೇಕು, ಹಾಕಿ ಎಂದರು.

ಹಾಕಲಿಲ್ಲ. ಹದಿನೆಂಟು ವರ್ಷದಲ್ಲಿ ಒಬ್ಬ ಗಿರಾಕಿಯೂ ನನ್ನ ಹತ್ತಿರ ಗಿಣಿ ಕೇಳಿಲ್ಲ ಎಂದೆ. ನಮ್ಮವರು ಕೇಳುವುದು ಕಿರಾಣಿ ಅಂಗಡಿಯ ಬೋಳು ಕೆಂಪು ಬೋರ್ಡು. ಗಿಣಿಯ ಗರಿಯಲ್ಲಿ ಎಂಥ ತಪ್ಪೂ ಅಡಗಿಕೊಳ್ಳುತ್ತದೆ, ಬೋಳು ಕೆಂಪಿನಲ್ಲಿ ಅಡಗುವುದಿಲ್ಲ. ಜೇಬಿನಿಂದ ಪೆನ್‌ಡ್ರೈವ್ ತೆಗೆದು, ಇದರಲ್ಲಿರುವ ಕೆಂಪು ಬೋರ್ಡು ಹೊಡೆದು ತೋರಿಸಿ ಅಂದೆ. ಸೇಲ್ಸ್‌ಮನ್ ಚಹಾ ತರಿಸಿದ. ಚಹಾ ಕುಡಿದು ಮತ್ತೆ ಪೆನ್‌ಡ್ರೈವ್ ಚಾಚಿದೆ. ಕೊನೆಗೆ ಹೊಡೆದ. ಕೆಂಪಿನ ತುಂಬ ಅಡ್ಡ ಗೆರೆಗಳು, ಕಾಪಿ ಪುಸ್ತಕದ ಹಾಗೆ. ಅದು ಹವೆಯ ತೇವದಿಂದ ಎಂದ. ಕುವೈತಿನಲ್ಲಿ ತೇವಕ್ಕಿಂತ ಧೂಳೇ ಹೆಚ್ಚೆಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ.

ಕಾರಿನಲ್ಲಿ ವಿನ್ಸೆಂಟ್ ಸರ್ ಮೆಲ್ಲಗೆ ವಿಷಯ ತೆಗೆದರು. ಮಾಲೀಕರು ಒಪ್ಪಿಯಾಗಿದೆಯಂತೆ. ನಾಳೆಯೊಳಗೆ ನನ್ನ ಸಹಿ ಬೀಳದಿದ್ದರೆ ಪ್ರಿಂಟಿಂಗ್ ಬೇರೆಯವರಿಗೆ, ನಾನು ಬೋರ್ಡು ಕಟ್ಟುವ ತಂಡಕ್ಕೆ. ಜುಲೈ ಬಿಸಿಲಲ್ಲಿ ಕಬ್ಬಿಣದ ಏಣಿ ಹಿಡಿದವನ ಬೆರಳಚ್ಚೇ ಅಳಿಸಿಹೋಗುತ್ತದೆ. ಆಮೇಲೆ ಬೆರಳಚ್ಚು ಕೇಳುವ ಇಕಾಮಾ, ಅಂದರೆ ಇಲ್ಲಿನ ವಾಸದ ಪರವಾನಗಿಯ ನವೀಕರಣಕ್ಕೂ ಕಷ್ಟ.

"ಶೆಟ್ರೇ, ನಿಮಗೆ ಮೆಷಿನ್ ಬೇಕಾ, ವಾದ ಬೇಕಾ?"

"ಏಣಿಯೇ ಕೊಡಿ ಸರ್. ಗೆರೆ ಬರುವ ಮೆಷಿನ್ನಿಗೆ ನಾನು ಸಹಿ ಹಾಕುವುದಿಲ್ಲ."

ಬಾಯಿ ಹಾಗೆ ಹೇಳಿತು. ಕಣ್ಣು ಮಾತ್ರ ದಾರಿಯುದ್ದಕ್ಕೂ ಅಂಗಡಿ ಬೋರ್ಡುಗಳ ಎತ್ತರ ಅಳೆಯುತ್ತಿತ್ತು.

ಮರುದಿನ ಬೆಳಿಗ್ಗೆ ವಿನ್ಸೆಂಟ್ ಸರ್ ಅವರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಎರಡು ಗಲ್ಲಿ ಆಚೆಯ ಇಕ್ಬಾಲ್ ಭಾಯಿಯ ಬೋರ್ಡು ಅಂಗಡಿಗೆ ಹೋದೆ. ಅದೇ ಗಿಣಿ ಮೆಷಿನ್ ಅವರಲ್ಲಿ ಒಂದು ವರ್ಷದಿಂದ ಇತ್ತು. ಭಾಯಿ ಮುಚ್ಚಳ ಎತ್ತಿದರು. ಒಳಗೆ ಧೂಳೂ ಇಂಕೂ ಸೇರಿ ಚಟ್ನಿಯಾಗಿತ್ತು. ಪಕ್ಕದಲ್ಲಿ ಬೇರೆ ಕಂಪನಿಯದೊಂದು ನಿಧಾನದ ಪ್ರಿಂಟರ್. ನಿಜವಾದ ಕೆಲಸವೆಲ್ಲ ಅದರದ್ದೇ ಅಂದರು. ಅದರಲ್ಲಿ ನಮ್ಮ ಕೆಂಪು ಹೊಡೆಸಿದೆವು. ಒಂದೇ ಸಮ, ಕುಂಕುಮ ಬಳಿದ ಹಾಗೆ. ವಿನ್ಸೆಂಟ್ ಸರ್ ಅದರ ಮೇಲೆ ಬೆರಳಾಡಿಸಿ, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮಾಲೀಕರಿಗೆ ಫೋನ್ ಮಾಡಿ, ನನ್ನ ಕಡೆ ತಿರುಗಿ, "ಖಲಾಸ್, ತೀರ್ಮಾನ ಆಯ್ತು. ನೀವು ಹೇಳಿದ್ದೇ ತರುವ" ಅಂದರು.

ಮೆಷಿನ್ ಬಂತು. ಚಳಿ ಶುರುವಾದ ಮೇಲೆ ಫಿಂಟಾಸ್ ಕಡಲ ಬದಿಯಲ್ಲಿ ನಮ್ಮ ಕನ್ನಡದವರ ಪಿಕ್ನಿಕ್ಕು. ಅದರ ಬ್ಯಾನರನ್ನು ನಾನೇ ಬರೆದು, ಹೊಡೆದು, ಎರಡು ಕಂಬಕ್ಕೆ ಕಟ್ಟಿದೆ. ಹೆಂಡತಿ ಮದುವೆಗೆ ಮುಂಚೆ ಬ್ರಹ್ಮಾವರದಲ್ಲಿ ಕನ್ನಡ ಟೀಚರ್ ಆಗಿದ್ದವಳು. ಸ್ವಲ್ಪ ದೂರ ನಿಂತು ನೋಡಿ, ಹತ್ತಿರ ಬಂದು, ಹಾರ್ದಿಕ ಸ್ವಾಗತವನ್ನು 'ಹಾರ್ಧಿಕ' ಎಂದು ಬರೆದವರು ಯಾರು ಎಂದು ಮೆಲ್ಲಗೆ ಕೇಳಿದಳು. ಹನ್ನೊಂದು ವರ್ಷದಿಂದ ಹಾಗೇ ಬರೆಯುತ್ತಿದ್ದೇನೆ, ಯಾರೂ ಕೇಳಿಲ್ಲ ಎಂದೆ. ಆಗ ಹೊಳೆಯಿತು: ಹಳೆಯ ಮೆಷಿನ್ ಆ 'ಧಿ'ಯ ಹೊಟ್ಟೆಯ ಸೀಳನ್ನು ಇಂಕು ತುಂಬಿ ಮುಚ್ಚಿ, 'ದಿ' ಮಾಡಿ ನನ್ನ ಮಾನ ಕಾಯುತ್ತಿತ್ತು. ಹೊಸದಕ್ಕೆ ಅಂಥ ದಾಕ್ಷಿಣ್ಯವಿಲ್ಲ.

ಸೋತೆನೆಂದು ತಿಳಿಯಬೇಡಿ. ನಮ್ಮ ಹೃದಯ ದೊಡ್ಡದು, ಅಲ್ಪಪ್ರಾಣ ಸಾಲುವುದಿಲ್ಲ ಎಂದು ವಾದಿಸಿದೆ. ಅಂದಿನ ಎಲ್ಲ ಫೋಟೋಗಳಲ್ಲೂ ನಾನು ಎದೆ ಉಬ್ಬಿಸಿಕೊಂಡು ಆ ಒಂದು ಅಕ್ಷರದ ಮುಂದೆಯೇ ನಿಂತಿದ್ದೇನೆ. ನೋಡಿದವರು ಅದನ್ನು ಹೆಮ್ಮೆ ಎಂದುಕೊಂಡಿದ್ದಾರೆ.