ದೇಶದ ತಂಡವೂ ಮೆಣಸಿನಕಾಯಿ ಬಜ್ಜಿಯೂ

ಅವತ್ತು ಭದ್ರಾವತಿಯ ನಮ್ಮ ಕ್ವಾರ್ಟರ್ಸಿನ ಜಗಲಿಯಲ್ಲಿ ದೊಡ್ಡ ಸಭೆಯೇ ಸೇರಿತ್ತು. ಮನೆಗಿದ್ದ ಒಂದೇ ಕುರ್ಚಿಯಲ್ಲಿ ಬೆಂಗಳೂರಿನಿಂದ ರೈಲಿನಲ್ಲಿ ಬಂದಿದ್ದ ಸೂಟುಧಾರಿ ಸಾಹೇಬರು. ಅವರೆದುರು ಚಾಪೆಯ ಮೇಲೆ ಕಬ್ಬಿಣದ ಕಾರ್ಖಾನೆಯ ಫುಟ್‌ಬಾಲ್ ಕ್ಲಬ್ಬಿನ ಕ್ಯಾಪ್ಟನ್, ಸೇಲಂ ಕಡೆಯಿಂದ ಬಂದು ನಮ್ಮೂರಿನವನೇ ಆಗಿಹೋದವನು. ಬಾಗಿಲ ಮರೆಯಲ್ಲಿ ನಮ್ಮತ್ತೆ. ಅತ್ತೆಯ ಬೆನ್ನ ಹಿಂದೆ ಕಾಫಿ ಲೋಟ ಹಿಡಿದು ನಾನು. ಜಗಲಿಯ ಕಂಬಕ್ಕೆ ಒರಗಿ ನಿಂತವನು ನನ್ನ ಮೈದುನ, ಈ ಎಲ್ಲ ಗಲಾಟೆಗೂ ಮೂಲಪುರುಷ. ನಮ್ಮ ಯಜಮಾನರು ಮಾತ್ರ ಇರಲಿಲ್ಲ. ಅವರು ಎಂದಿನಂತೆ ಕುಲುಮೆಯ ಮುಂದೆ ಪಾಳಿಯಲ್ಲಿದ್ದರು.

ಸಾಹೇಬರು ಕಾಫಿ ಕುಡಿದು, ಗಂಟಲು ಸರಿಮಾಡಿಕೊಂಡು ಹೇಳಿದರು: ‘ನೋಡಪ್ಪಾ, ನಿನ್ನ ಆಟ ನಾನು ಬೆಂಗಳೂರಿನಲ್ಲಿ ನೋಡಿದ್ದೀನಿ. ಹಿಂದೂಸ್ತಾನದ ತಂಡ ಹಡಗಿನಲ್ಲಿ ಹೊರದೇಶಕ್ಕೆ ಹೋಗ್ತಾ ಇದೆ. ನೀನು ಬ್ಯಾಕ್ ಆಡಬೇಕು. ಮುಂದಿನ ತಿಂಗಳು ಮೊದಲನೇ ಭಾನುವಾರ ಮದರಾಸಿನಲ್ಲಿರಬೇಕು.’

‘ಆ ಭಾನುವಾರ ಆಗಲ್ಲ ಸಾರ್’ ಎಂದ ನನ್ನ ಮೈದುನ. ‘ಶಿವಮೊಗ್ಗದವರ ಜೊತೆ ಮ್ಯಾಚ್ ಇದೆ.’

‘ಯಾವ ಕಪ್ಪಿಗೆ?’

‘ಕಪ್ಪಿಲ್ಲ ಸಾರ್. ಸೋತವರು ಗೆದ್ದವರಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಬೇಕು.’

ಸಾಹೇಬರು ತಮಾಷೆಯೆಂದುಕೊಂಡು ನಕ್ಕರು. ಯಾರೂ ಜೊತೆಗೆ ನಗಲಿಲ್ಲ. ‘ಅಯ್ಯಾ, ದೇಶ ಕರೀತಾ ಇದೆ ನಿನ್ನ!’ ಎಂದರು.

ಮೈದುನ ಸ್ವಲ್ಪ ಯೋಚಿಸಿ, ಬಹಳ ವಿನಯದಿಂದ ಕೇಳಿದ: ‘ಹಡಗನ್ನ ಒಂದು ದಿನ ನಿಲ್ಲಿಸೋಕೆ ಆಗಲ್ವಾ ಸಾರ್?’

ದೇಶಕ್ಕಿಂತ ಮೆಣಸಿನಕಾಯಿ ಬಜ್ಜಿ ದೊಡ್ಡದೆಂದು ಬಹಿರಂಗವಾಗಿ ಸಾರಿದ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿರುವುದೇನು, ದಿನಾ ಎರಡು ಹೊತ್ತು ಊಟ ಬಡಿಸಿದ್ದೇನೆ!

ಇವನ ಲಕ್ಷಣ ನನಗೆ ತಿಳಿದದ್ದು ನಾನು ಮದುವೆಯಾಗಿ ಆ ಮನೆಯ ಹೊಸಿಲು ದಾಟಿದ ದಿನವೇ. ಮನೆ ತುಂಬಿಸುವ ಶಾಸ್ತ್ರಕ್ಕೆ ಹೊಸಿಲ ಮೇಲೆ ಸೇರಿನಲ್ಲಿ ಅಕ್ಕಿ ತುಂಬಿಟ್ಟಿದ್ದರು. ನಮ್ಮಜ್ಜಿ ಹೇಳಿಕೊಟ್ಟಂತೆ ನಾನು ತಲೆ ತಗ್ಗಿಸಿ, ಬಲಗಾಲ ಬೆರಳ ತುದಿಯಿಂದ ಹೂವು ಮುಟ್ಟಿದ ಹಾಗೆ ಮುಟ್ಟಿದೆ. ಸೇರು ಅಲ್ಲಾಡಲೇ ಇಲ್ಲ. ‘ಜೋರಾಗಿ ಅತ್ತಿಗೆ, ಜೋರಾಗಿ!’ ಎಂದು ಒಳಗಿನಿಂದ ಯಾರೋ ಅರಚಿದರು. ಹೆದರಿಕೆಗೆ ಕಾಲು ತಾನೇ ಚಿಮ್ಮಿತು. ಅಕ್ಕಿಯೆಲ್ಲ ಚೆಲ್ಲಿ ಸೇರು ಠಣಠಣ ಉರುಳಿಕೊಂಡು ನಡುಮನೆಗೇ ಹೋಯಿತು. ಅಲ್ಲಿ ಒಬ್ಬ ಹುಡುಗ ಅದನ್ನು ಅಂಗಾಲಿನಿಂದ ತಡೆದು ನಿಲ್ಲಿಸಿ, ಅಷ್ಟೇ ಸಲೀಸಾಗಿ ನನ್ನ ಕಡೆಗೆ ವಾಪಸು ತಳ್ಳಿದ! ಅತ್ತೆ ‘ಶಿವ ಶಿವಾ’ ಎಂದು ಹಣೆಗೆ ಕೈ ಹಚ್ಚಿದರು. ಅವನು ಮಾತ್ರ ನಮ್ಮ ಯಜಮಾನರಿಗೆ ಗಂಭೀರವಾಗಿ ವರದಿ ಒಪ್ಪಿಸಿದ: ‘ಅಣ್ಣಾ, ಅತ್ತಿಗೆ ಕಾಲು ಚೆನ್ನಾಗಿದೆ.’

ಇಂಥವನನ್ನು ಅತ್ತೆ ಒಮ್ಮೆ ಶಿವಮೊಗ್ಗದ ಪಂಡಿತರ ಹತ್ತಿರ ಕಷಾಯದ ಪುಡಿ ತರಲು ಕಳಿಸಿದರು. ಬಸ್ಸಿಗೆ ಕಾಯುವಾಗ ಕಾಲಿಗೊಂದು ದುಂಡು ಕಲ್ಲು ಸಿಕ್ಕಿತಂತೆ. ಒದ್ದನಂತೆ. ಅದು ಚೆನ್ನಾಗಿ ಉರುಳಿತಂತೆ. ಮತ್ತೆ ಒದ್ದನಂತೆ. ಹಾಗೇ ಮಾಚೇನಹಳ್ಳಿ ದಾಟಿತಂತೆ! ಶಿವಮೊಗ್ಗದ ಬಜಾರು ಕಂಡಾಗ, ಬಂದದ್ದು ಯಾಕೆಂಬುದು ಮರೆತುಹೋಗಿತ್ತು. ಸಂಜೆ ಮನೆಗೆ ಬಂದಾಗ ಅತ್ತೆ ‘ಪುಡಿ ಎಲ್ಲೋ?’ ಎಂದರೆ ಜೇಬಿನಿಂದ ಕಲ್ಲು ತೆಗೆದು ತೋರಿಸಿದ. ‘ಒಂದು ಸಲಾನೂ ಚರಂಡಿಗೆ ಬೀಳಲಿಲ್ಲಮ್ಮ’ ಎಂದು ಹೆಮ್ಮೆ ಬೇರೆ!

ಈಗ ಕುಲುಮೆಯ ವಿಷಯ ಹೇಳಬೇಕು. ಅದನ್ನು ಹೇಳದೆ ಇವನ ಹುಚ್ಚು ಅರ್ಥವಾಗುವುದಿಲ್ಲ. ಕಬ್ಬಿಣ ಕರಗಿಸುವ ಕುಲುಮೆಗೆ ಭಾನುವಾರ, ಹಬ್ಬ ಎಂಬುದಿಲ್ಲ. ಒಮ್ಮೆ ಹೊತ್ತಿಸಿದರೆ ವರ್ಷಗಟ್ಟಲೆ ಉರಿಯುತ್ತಲೇ ಇರಬೇಕು. ಆದ್ದರಿಂದ ಕ್ಲಬ್ಬಿನವನೊಬ್ಬ ಮೈದಾನಕ್ಕೆ ಇಳಿಯಬೇಕಾದರೆ ಅವನ ಪಾಳಿಯನ್ನು ಇನ್ನೊಬ್ಬ ಹೊರಬೇಕು. ಹೊತ್ತವನಿಗೆ ಪ್ರತಿಫಲವೇನು? ಕಾರ್ಖಾನೆಯ ಜನ ತಾವೇ ಮಾಡಿಕೊಂಡ ಒಂದು ಕಟ್ಟಳೆ ಇತ್ತು. ಆಟ ಮುಗಿದ ಕೂಡಲೇ ಆಟಗಾರ, ಬೆವರೂ ಒರೆಸಿಕೊಳ್ಳದೆ, ನೆಟ್ಟಗೆ ಕುಲುಮೆಯ ಹತ್ತಿರ ಬಂದು, ತನಗಾಗಿ ಬೆಂದವನಿಗೆ ಇಡೀ ಆಟವನ್ನು ಹೇಳಬೇಕು. ಮುಖ ತೊಳೆಯುವುದೂ ಆಮೇಲೆಯೇ!

ನನ್ನ ಮೈದುನನಿಗಾಗಿ ಬೇಯುತ್ತಿದ್ದವರು ಅವನ ಅಣ್ಣ, ನಮ್ಮ ಯಜಮಾನರು. ಅವನು ಕ್ಲಬ್ಬಿಗೆ ಸೇರಿದಾಗಿನಿಂದ ಪ್ರತಿ ಮ್ಯಾಚಿನ ಪಾಳಿಯೂ ಇವರದೇ. ಹಾಗಾಗಿ ತಮ್ಮ ಆಡುವುದನ್ನು ಇವರು ಒಂದೇ ಒಂದು ಸಲವೂ ನೋಡಿರಲಿಲ್ಲ. ಅಷ್ಟೇ ಏಕೆ, ಫುಟ್‌ಬಾಲನ್ನೇ ನೋಡಿರಲಿಲ್ಲ! ಕೇಳಿದ್ದರು, ಅಷ್ಟೇ. ನಾನು ಬುತ್ತಿ ಕೊಡಲು ಗೇಟಿನ ತನಕ ಹೋದಾಗ ಆ ಹೇಳುವಿಕೆಯನ್ನು ದೂರದಿಂದ ಕಂಡಿದ್ದೇನೆ. ನೀರಿನ ಕೊಳಾಯಿಯ ಕಡೆ ಯಾವಾಗಲೂ ಶಿವಮೊಗ್ಗದವರ ಗೋಲು, ಇದ್ದಿಲ ರಾಶಿಯ ಕಡೆ ನಮ್ಮದು. ಮಧ್ಯೆ ಇವನೊಬ್ಬನೇ ಓಡುತ್ತಾನೆ, ಬೀಳುತ್ತಾನೆ, ಏಳುತ್ತಾನೆ, ರೆಫರಿಯನ್ನೂ ಬಯ್ಯುತ್ತಾನೆ! ಆಟಕ್ಕಿಂತ ಹೇಳುವುದೇ ಉದ್ದ. ನಮ್ಮವರು ಸಲಿಕೆಯ ಮೇಲೆ ಗದ್ದ ಊರಿ ಎಲ್ಲವನ್ನೂ ಕೇಳಿ ಕೊನೆಗೆ ‘ಹ್ಞೂಂ’ ಎನ್ನುವರು. ಮಿತಭಾಷಿ. ನಮ್ಮ ಮದುವೆಯ ಮಾತುಕತೆಯಲ್ಲೂ ಅವರು ಆಡಿದ್ದು ಅದೊಂದೇ ಮಾತು.

ಇರಲಿ. ಸಾಹೇಬರು ಒಂದು ವಾರದ ಗಡುವು ಕೊಟ್ಟು ಹೋದರು. ಊರೆಲ್ಲ ಬುದ್ಧಿ ಹೇಳಲು ಸಾಲುಗಟ್ಟಿತು. ಅವನು ಒಬ್ಬೊಬ್ಬರಿಗೆ ಒಂದೊಂದು ನೆಪ ಹೇಳಿದ. ಅತ್ತೆಗೆ ‘ಹಡಗಿನಲ್ಲಿ ರೊಟ್ಟಿ ಸಿಗಲ್ವಂತಮ್ಮ’ ಎಂದ. ಅತ್ತೆ ಕೂಡಲೇ ಅವನ ಪಕ್ಷ ಸೇರಿದರು. ಕ್ಯಾಪ್ಟನ್ನಿಗೆ ‘ಅಲ್ಲಿ ಬೂಟು ಹಾಕ್ಕೊಂಡು ಆಡಬೇಕಂತೆ, ಕಾಲಿಗೆ ಉಸಿರು ಕಟ್ಟುತ್ತೆ’ ಎಂದ.

‘ಡೇಯ್ ತಂಬಿ, ಹೋಗಪ್ಪಾ ನೀನು’ ಎಂದು ಕ್ಯಾಪ್ಟನ್ ಅಂಗಲಾಚಿದ. ‘ಶಿವಮೊಗ್ಗ ಎಲ್ಲಿ ಓಡಿಹೋಗ್ತದೆ? ಅದರ ಮುಂದಿನ ತಿಂಗಳೂ ಅಲ್ಲೇ ಇರ್ತದೆ.’

‘ಅದರ ಮುಂದಿನ ತಿಂಗಳು ಆಗಲ್ಲ’ ಎಂದ ಇವನು. ಯಾಕೆ ಎಂದರೆ ಎದ್ದು ಹಿತ್ತಲಿಗೆ ಹೋದ.

ನಮ್ಮ ಯಜಮಾನರೂ ಬುತ್ತಿ ಬಿಚ್ಚುತ್ತ ‘ಹೋಗೋ’ ಎಂದರು. ಅವರ ಮಟ್ಟಿಗೆ ಅದು ಒಂದು ಭಾಷಣ.

‘ಹೋಗಲ್ಲಣ್ಣ.’

ಕೊನೆಗೆ ನಾನೇ ಅಡುಗೆಮನೆಯಲ್ಲಿ ಹಿಡಿದೆ. ರೊಟ್ಟಿ ತಟ್ಟೆಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು, ‘ಏನು ಮಾರಾಯ ನಿನ್ನ ಗೋಳು? ನಿಜ ಹೇಳಿದ್ರೆ ರೊಟ್ಟಿ, ಇಲ್ದಿದ್ರೆ ಬರೀ ಪಲ್ಯ’ ಎಂದೆ.

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. ‘ಅತ್ತಿಗೆ, ಕುಲುಮೆ ಒಳಗಿನ ಇಟ್ಟಿಗೆ ಸವೆದುಹೋಗಿದೆ. ಬದಲಾಯಿಸೋಕೆ ಕುಲುಮೆ ಆರಿಸ್ತಾರೆ. ಆ ಒಂದು ಭಾನುವಾರ ಮಾತ್ರ ಅಣ್ಣನಿಗೆ ಪಾಳಿ ಇಲ್ಲ. ಆಮೇಲೆ ಹೊತ್ತಿಸಿದ್ರೆ ಇನ್ನು ಯಾವ ಕಾಲಕ್ಕೆ ಆರಿಸ್ತಾರೋ! ಅಣ್ಣ ನನ್ನ ಆಟ ನೋಡೇ ಇಲ್ಲ ಅತ್ತಿಗೆ.’

ನಾನು ರೊಟ್ಟಿ ಹಾಕಿದೆ. ಒಂದಲ್ಲ, ಎರಡು.

‘ಅಣ್ಣನಿಗೆ ಹೇಳಬೇಡಿ. ಹೇಳಿದ್ರೆ ನನ್ನ ಮದರಾಸಿಗೆ ಎಳ್ಕೊಂಡು ಹೋಗಿ ಹಡಗಿಗೆ ಹತ್ತಿಸಿ ಬರ್ತಾನೆ’ ಎಂದ.

ಆ ಭಾನುವಾರ ಬಂತು. ಭದ್ರಾವತಿಯ ಆಕಾಶದಲ್ಲಿ ಅವತ್ತು ಹೊಗೆಯಿರಲಿಲ್ಲ. ನಮ್ಮ ಯಜಮಾನರು ಮದುವೆಯ ಕೋಟು, ಪೇಟ ಧರಿಸಿ ಹೊರಟರು. ಫುಟ್‌ಬಾಲಿಗೆ ಪೇಟವೇ? ಕೇಳುವ ಧೈರ್ಯ ಯಾರಿಗಿತ್ತು! ಗಂಡಸರೆಲ್ಲ ಗೆರೆಯುದ್ದಕ್ಕೂ ನಿಂತರು. ಕುಲುಮೆಯ ಜನ ಒಟ್ಟಿಗೆ, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು. ನಾವು ಹೆಂಗಸರು ಹೊಂಗೆಮರದ ಕೆಳಗೆ.

ಆಟ ಶುರುವಾಯಿತು. ನನ್ನ ಮೈದುನ ಚೆಂಡಿಗಿಂತ ಹೆಚ್ಚಾಗಿ ನೋಡುತ್ತಿದ್ದದ್ದು ಆ ಪೇಟವನ್ನು! ಬೆಂಗಳೂರಿನ ಸಾಹೇಬರು ಮೆಚ್ಚಿದ ಕಾಲಿಗೆ ಅವತ್ತು ಏನಾಯಿತೋ, ಒದ್ದರೆ ಗಾಳಿ, ನಿಂತರೆ ಜಾರು. ಒಮ್ಮೆಯಂತೂ ಚೆಂಡು ಬಿಟ್ಟು ಕ್ಯಾಪ್ಟನ್ನಿನ ಮೀನಖಂಡಕ್ಕೇ ಒದ್ದ. ರೈಲಿನಲ್ಲಿ ಬಂದಿದ್ದ ಶಿವಮೊಗ್ಗದ ಪಡ್ಡೆಗಳು ಸುಮ್ಮನಿರುತ್ತಾರೆಯೇ?

‘ಏ ಮಾರಾಯ, ಇವನನ್ನೇ ಏನೋ ಹಿಂದೂಸ್ತಾನ ಕರೆದಿದ್ದು?’

‘ಹೌದಂತೆ, ಹಡಗಿಗೆ ಇದ್ದಿಲು ಹಾಕೋಕೆ!’

ಅರ್ಧ ಆಟ ಮುಗಿದು ಎರಡೂ ತಂಡ ಜಾಗ ಬದಲಾಯಿಸಿದವು. ಇನ್ನೇನು ಮುಗಿಯಬೇಕು, ಶಿವಮೊಗ್ಗದವನೊಬ್ಬ ಚೆಂಡನ್ನು ಎತ್ತರಕ್ಕೆ ಒದ್ದ. ನನ್ನ ಮೈದುನ ಅದಕ್ಕೆ ಅಡ್ಡಬಂದು, ಜೀವಮಾನದಲ್ಲೇ ಅತ್ಯಂತ ಸೊಗಸಾದ ಒದೆಯೊಂದನ್ನು ಕೊಟ್ಟ. ಚೆಂಡು ಬಾಣದಂತೆ ಹೋಗಿ ಗೋಲಿನೊಳಗೆ ಬಿತ್ತು. ನಮ್ಮದೇ ಗೋಲು!

ಶಿವಮೊಗ್ಗದವರು ಚಪ್ಪಾಳೆ ತಟ್ಟಿ ಕುಣಿದರು. ಕ್ಯಾಪ್ಟನ್ ಬಯ್ಯಲು ಬಾಯಿ ತೆರೆದ. ಆಗ ನಮ್ಮ ಕಡೆಯವರಲ್ಲೂ ಒಬ್ಬರೇ ಒಬ್ಬರು ಚಪ್ಪಾಳೆ ತಟ್ಟುವುದು ಕೇಳಿಸಿತು.

‘ಹೊಡೆದ! ನನ್ನ ತಮ್ಮ ಹೊಡೆದ!’

ಪೇಟ ಕೈಗೆ ಬಂದಿತ್ತು. ಕಣ್ಣಲ್ಲಿ ನೀರಿತ್ತು. ಪಾಪ, ಅವರಿಗೇನು ಗೊತ್ತು? ಕುಲುಮೆಯ ಹತ್ತಿರ ನಡೆದ ಯಾವ ಆಟದಲ್ಲೂ ಕೊಳಾಯಿಯ ಕಡೆಯ ಗೋಲು ಇದ್ದಿಲ ಕಡೆಗೆ ಬಂದಿರಲಿಲ್ಲ. ಅರ್ಧದಲ್ಲಿ ಜಾಗ ಬದಲಾಗುತ್ತದೆಂದು ಹೇಳಲು ನನ್ನ ಮೈದುನ ಅಷ್ಟು ವರ್ಷವೂ ಮರೆತಿದ್ದ!

ಕ್ಯಾಪ್ಟನ್ ಇವರ ಮುಖ ನೋಡಿದ. ತೆರೆದ ಬಾಯಿ ಮುಚ್ಚಿದ. ಆಮೇಲೆ ತಾನೂ ಚಪ್ಪಾಳೆ ತಟ್ಟಿದ. ಕುಲುಮೆಯ ಜನ ತಟ್ಟಿದರು. ಶಿವಮೊಗ್ಗದವರು ಹೇಗೂ ತಟ್ಟುತ್ತಲೇ ಇದ್ದರು.

ಸೋತವರು ಬಜ್ಜಿ ಕೊಡಿಸುವಾಗ ಅಣ್ಣತಮ್ಮ ಒಂದೇ ಬೆಂಚಿನಲ್ಲಿ ಕೂತರು. ‘ನಾವು ಸೋತ್ವಂತೆ?’ ಎಂದು ಕೇಳಿದರು ಇವರು.

‘ಹೌದಣ್ಣ.’

‘ನೀನು ಹೊಡೆದದ್ದು ಲೆಕ್ಕಕ್ಕೆ ಬಂತಾ?’

‘ಬಂತಣ್ಣ.’

‘ನೀನು ಹೇಳ್ತಿದ್ದದ್ದಕ್ಕಿಂತ ಚೆನ್ನಾಗಿ ಆಡ್ತೀಯ ಮಾರಾಯ.’

ಮೈದುನ ‘ಬಜ್ಜಿ ಖಾರ’ ಎಂದು ಮುಖ ಆ ಕಡೆ ತಿರುಗಿಸಿಕೊಂಡ. ಅವನು ಇನ್ನೂ ಬಜ್ಜಿ ಮುಟ್ಟಿಯೇ ಇರಲಿಲ್ಲ.

ದೇಶದ ತಂಡ ಬೇರೊಬ್ಬ ಬ್ಯಾಕನ್ನು ಕರೆದುಕೊಂಡು ಹಡಗು ಹತ್ತಿತು. ಮತ್ತೆ ಇವನನ್ನು ಯಾರೂ ಕರೆಯಲಿಲ್ಲ. ಊರಿನವರು ಇವತ್ತಿಗೂ ‘ಎಂಥಾ ಅವಕಾಶ ಕಳೆದುಕೊಂಡ’ ಎಂದು ಲೊಚಗುಟ್ಟುತ್ತಾರೆ. ನಾನು ತಲೆಯಾಡಿಸುವುದಿಲ್ಲ. ದೇಶಕ್ಕೆ ಇನ್ನೊಬ್ಬ ಬ್ಯಾಕ್ ಸಿಕ್ಕಿದ. ನಮ್ಮ ಯಜಮಾನರಿಗೆ ತಮ್ಮನೆಂದರೆ ಅವನೊಬ್ಬನೇ. ಅವನು ಉಳಿದದ್ದಕ್ಕೆ ನಾನು ಶಿವನಿಗೆ ದಿನಾ ದೀಪ ಹಚ್ಚುವಾಗ ಒಂದು ನಮಸ್ಕಾರ ಹೆಚ್ಚಿಗೆ ಹಾಕುತ್ತೇನೆ.

ಕುಲುಮೆ ಮತ್ತೆ ಹೊತ್ತಿಕೊಂಡಿತು. ಮರುವರ್ಷ ಯುದ್ಧ ಶುರುವಾಯಿತು. ಕಬ್ಬಿಣ ಎಷ್ಟಿದ್ದರೂ ಸಾಲದಾಯಿತು, ಭಾನುವಾರ ಕುಲುಮೆ ಆರುವ ಮಾತೇ ಇಲ್ಲವಾಯಿತು. ವರ್ಷಗಟ್ಟಲೆ ಆ ಬೆಂಕಿಯನ್ನು ದಿಟ್ಟಿಸಿದ ನಮ್ಮ ಯಜಮಾನರ ಕಣ್ಣು ಮೆಲ್ಲಗೆ ಮಂಜಾಗುತ್ತ ಬಂದು, ಯುದ್ಧ ಮುಗಿಯುವ ಹೊತ್ತಿಗೆ ಪೂರ್ತಿ ಹೋಯಿತು. ಇವರು ಕಣ್ಣಾರೆ ಕಂಡ ಆಟ ಅದೊಂದೇ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಇನ್ನೇನೂ ಮಾಡಲಾಗದೆಂದು ಹೇಳಿದ ದಿನ ನಮ್ಮನ್ನು ಕರೆತರಲು ಮೈದುನ ಬಂದಿದ್ದ. ಬಸ್ಸು ತುಂಬಿತ್ತು. ಅವನು ಒಬ್ಬರನ್ನು ಕೇಳಿಕೊಂಡು ಕಿಟಕಿಯ ಪಕ್ಕದ ಸೀಟು ಬಿಡಿಸಿ, ಕೈಹಿಡಿದು ಅಣ್ಣನನ್ನು ಅಲ್ಲಿ ಕೂರಿಸಿದ. ಬಸ್ಸು ಹೊರಟ ಕೂಡಲೇ, ಕುಲುಮೆಯ ಮುಂದೆ ಆಟ ಹೇಳುತ್ತಿದ್ದ ಹಾಗೆಯೇ, ಕಿಟಕಿಯಾಚೆ ಕಂಡದ್ದನ್ನೆಲ್ಲ ಹೇಳತೊಡಗಿದ; ಇವರು ಕಿಟಕಿಗೆ ಗದ್ದ ಊರಿ ‘ಹ್ಞೂಂ’ ಎಂದರು.