ನಾಲ್ಕನೇ ಕೊಠಡಿಯ ದೀಪಕ್ಕೆ, ಅಲ್ಲಾಡದ ವಿದ್ಯಾರ್ಥಿಯಿಂದ

ವಿಶ್ವವಿದ್ಯಾಲಯದ ಸಂಗೀತ ಶಾಲೆಯ ನೆಲಮಾಳಿಗೆಯಲ್ಲಿ, ಅಭ್ಯಾಸ ಕೊಠಡಿ ಸಂಖ್ಯೆ ನಾಲ್ಕರ ಚಾವಣಿಯನ್ನು ಅಲಂಕರಿಸಿರುವ ಸ್ವಯಂಚಾಲಿತ ದೀಪ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಲೆ ಎತ್ತಿದವರಿಗೆ ಮಾತ್ರ ದರ್ಶನ ಕೊಡುವ ತಮ್ಮ ಘನತೆಗೂ, ಬಾಗಿಲು ತೆರೆದ ಕ್ಷಣವೇ ಬೆಳಗಿ ಬರಮಾಡಿಕೊಳ್ಳುವ ತಮ್ಮ ಸೌಜನ್ಯಕ್ಕೂ ನನ್ನ ವಿನಮ್ರ ವಂದನೆಗಳು. ತಮ್ಮ ಪಕ್ಕದಲ್ಲಿ ಗೋಲಿಯಷ್ಟು ಗಾತ್ರದ ಒಂದು ಕಣ್ಣಿದೆಯೆಂದೂ, ಆ ಕಣ್ಣಿಗೆ ಮೂರೂವರೆ ನಿಮಿಷ ಯಾವ ಅಲುಗಾಟವೂ ಕಾಣದಿದ್ದರೆ ಕೋಣೆಯಲ್ಲಿ ನರಪಿಳ್ಳೆಯೂ ಇಲ್ಲವೆಂದು ತೀರ್ಮಾನಿಸಿ ತಾವು ಆರಿಹೋಗುತ್ತೀರೆಂದೂ ನಾನು ಈ ವರ್ಷದ ಮೊದಲ ವಾರದಲ್ಲೇ ಕತ್ತಲೆಯಲ್ಲಿ ನಿಂತು ಅರಿತುಕೊಂಡೆ. ವಿದ್ಯುತ್ ಉಳಿಸುವ ತಮ್ಮ ಶ್ರದ್ಧೆಯ ಬಗ್ಗೆ ನನ್ನಲ್ಲಿ ಎರಡು ಮಾತಿಲ್ಲ. ನನ್ನ ಅಹವಾಲು ಇಷ್ಟೇ: ನಾನು ಇದ್ದೇನೆ.

ನಾನು ಸ್ಯಾಕ್ಸೋಫೋನ್ ವಿಭಾಗದ ಎರಡನೇ ವರ್ಷದ ವಿದ್ಯಾರ್ಥಿ. "ಸ್ಯಾಕ್ಸೋಫೋನಲ್ಲೂ ಶಾಸ್ತ್ರೀಯ ಅಂತ ಇದೆಯೇನೋ?" ಎಂದು ನಮ್ಮ ದೊಡ್ಡಪ್ಪ ಮನೆಗೆ ಬಂದಾಗಲೆಲ್ಲ ತಪ್ಪದೆ ಕೇಳುತ್ತಾರೆ. ಇದೆ, ನಮ್ಮ ಶಾಲೆಯಲ್ಲಿ ಅದರ ಮೊದಲ ಲಕ್ಷಣವೇನೆಂದರೆ, ನುಡಿಸುವವನು ಕುಣಿಯಕೂಡದು. ಎಲ್ಲ ತಪ್ಪಿಗೂ "ಉಸಿರು, ಉಸಿರು!" ಎಂಬ ಒಂದೇ ಮದ್ದು ಹೇಳುವುದರಿಂದ ನಾವು ಹಿಂದಿನಿಂದ ಉಸಿರಮ್ಮ ಎಂದು ಕರೆಯುವ ನಮ್ಮ ಪ್ರಾಧ್ಯಾಪಕಿಯವರು, ವಿದ್ಯಾರ್ಥಿಯು ತನ್ನ ಎರಡೂ ಭುಜಗಳ ಮೇಲೆ ಪೆನ್ಸಿಲ್ ಅಳಿಸುವ ಒಂದೊಂದು ರಬ್ಬರನ್ನಿಟ್ಟು, ಒಂದೇ ಸ್ವರವನ್ನು ಉಸಿರು ಮುಗಿಯುವ ತನಕ ಎಳೆಯುವ ಸಾಧನೆಯನ್ನು ದಿನಕ್ಕೊಂದು ಗಂಟೆ ಒಬ್ಬನೇ ಮಾಡಬೇಕೆಂದು ವಿಧಿಸಿದ್ದಾರೆ. ರಬ್ಬರು ಬಿದ್ದರೆ ಮೊದಲಿನಿಂದ. "ಗಾಳಿ ಹೋಗ್ಬೇಕಾಗಿರೋದು ವಾದ್ಯದೊಳಕ್ಕೆ, ನಿನ್ನ ಮೊಣಕೈಗಲ್ಲ" ಎಂಬುದು ಅವರ ಸಿದ್ಧಾಂತ.

ಇಕ್ಕಟ್ಟು ತಮಗೆ ಅರ್ಥವಾಗಿರಬೇಕು. ಅಲ್ಲಾಡಿದರೆ ಗುರುಗಳ ಕೋಪ, ಅಲ್ಲಾಡದಿದ್ದರೆ ತಮ್ಮ ಕೋಪ. ಪಿಟೀಲಿನವರಿಗೆ ಕಮಾನು ಆಡುತ್ತದೆ, ಪಿಯಾನೋದವರು ಹಿಟ್ಟು ನಾದುವವರಂತೆ ಮುಂದಕ್ಕೂ ಹಿಂದಕ್ಕೂ ಬಾಗುತ್ತಾರೆ, ಪಕ್ಕದ ಕೊಠಡಿಯ ಕ್ಲಾರಿನೆಟ್ಟಿನವಳಂತೂ ಗಾಳಿಗೆ ಸಿಕ್ಕ ಜೋಳದ ದಂಟು. ಇವರೆಲ್ಲರನ್ನೂ ತಾವು ಜೀವಂತರೆಂದು ಒಪ್ಪಿಕೊಂಡಿದ್ದೀರಿ. ನನ್ನ ಬೆರಳುಗಳ ಆಟ ಮಾತ್ರ ತಮ್ಮ ಅಮೂಲ್ಯ ದೃಷ್ಟಿಗೆ ತೀರಾ ಚಿಲ್ಲರೆಯಾಯಿತು. ಸ್ವಿಚ್ಚು ಹುಡುಕೋಣವೆಂದರೆ ಗೋಡೆಯಲ್ಲಿ ಸ್ವಿಚ್ಚಿದ್ದ ಜಾಗಕ್ಕೆ ಬಿಳಿ ತಟ್ಟೆ ಬಡಿದಿದ್ದಾರೆ. ರಿಪೇರಿಯ ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆತಂದೆ. ಅವರು ಏಣಿ ಹತ್ತಿ ತಮ್ಮನ್ನು ಭಕ್ತಿಯಿಂದ ನೋಡಿ, ಹಾಗೇ ಇಳಿದು, "ನಮ್ ಕೈಲಿ ಏನಿಲ್ಲ ಮರಿ. ಇದರ ಲೆಕ್ಕದಲ್ಲಿ ಅಲ್ಲಾಡೋನೇ ಮನುಷ್ಯ" ಎಂದು ಏಣಿ ಮಡಚಿಕೊಂಡು ಹೋದರು.

ಆಗ ನಾನು ಗುರುಭಕ್ತಿಗೂ ದೀಪಭಕ್ತಿಗೂ ಚ್ಯುತಿ ಬಾರದಂತೆ ಒಂದು ಉಪಾಯ ಕಂಡುಕೊಂಡೆ. ಸೊಂಟದಿಂದ ಮೇಲೆ ಕಲ್ಲಿನಂತೆ ನಿಂತು, ಮೂರು ನಿಮಿಷಕ್ಕೊಮ್ಮೆ ಎಡಗಾಲನ್ನು ಮಾತ್ರ ಕುದುರೆಯಂತೆ ಹಿಂದಕ್ಕೆ ಝಾಡಿಸುವುದು. ರಬ್ಬರೂ ಬೀಳಲಿಲ್ಲ, ತಾವೂ ಆರಲಿಲ್ಲ. ಮೂರು ತಿಂಗಳಲ್ಲಿ ಈ ವಿದ್ಯೆ ನನ್ನ ಮೈಗೆ ಎಷ್ಟು ಹತ್ತಿತೆಂದರೆ, ಊಟಕ್ಕೆ ಕೂತಾಗಲೂ ಮೇಜಿನ ಕೆಳಗೆ ಕಾಲು ಹಾರುತ್ತಿತ್ತು. "ಏನೋ ಅದು, ಬೆಕ್ಕು ಒದೀತಿದೀಯಾ?" ಎಂದು ಅಮ್ಮ ಗದರಿದರೆ, ಅಕ್ಕ ತಟ್ಟೆಯಿಂದ ತಲೆಯನ್ನೂ ಎತ್ತದೆ, "ಬಿಡಮ್ಮಾ, ಅವನಿಗೆ ಅಲ್ಲಿ ಅದನ್ನೇ ಕಲಿಸ್ತಿರೋದು" ಎಂದಳು. ಉಸಿರಮ್ಮನವರಿಗೆ ಮಾತ್ರ ಇದು ಗೊತ್ತಾಗಲಿಲ್ಲ. ಅವರ ಕೋಣೆಯ ದೀಪ ಹಳೆಯ ಕಾಲದ್ದು, ಸ್ವಿಚ್ಚಿನ ಮಾತು ಕೇಳುವಂಥದ್ದು, ಮೇಲಾಗಿ ಪಾಠದಲ್ಲಿ ಅವರು ನನ್ನನ್ನು ಅರ್ಧ ನಿಮಿಷಕ್ಕೊಮ್ಮೆ "ನಿಲ್ಸು!" ಎಂದು ನಿಲ್ಲಿಸುತ್ತಿದ್ದರಿಂದ ನಾನು ಒಮ್ಮೆಯೂ ಮೂರು ನಿಮಿಷ ಮುಟ್ಟಿದ್ದೇ ಇಲ್ಲ.

ಮುಟ್ಟಿದ್ದು ಪರೀಕ್ಷೆಯಲ್ಲಿ. ಎರಡನೇ ವರ್ಷದ ನಡುವೆ ನಡೆಯುವ ಈ ವೇದಿಕೆ ಪರೀಕ್ಷೆಯಲ್ಲಿ ಗೆದ್ದವರು ವಾದನ ವಿಭಾಗದಲ್ಲಿ ಉಳಿಯುತ್ತಾರೆ. ಸೋತವರು ವಾದ್ಯವನ್ನು ಉಗ್ರಾಣಕ್ಕೆ ಒಪ್ಪಿಸಿ, ಇತರರು ನುಡಿಸಿದ್ದರ ಇತಿಹಾಸ ಓದುತ್ತಾರೆ. ನನ್ನ ಸ್ಯಾಕ್ಸೋಫೋನು ಶಾಲೆಯದು. ಇನ್ನೊಂದನ್ನು ಕೊಳ್ಳುವ ಶಕ್ತಿ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲವಾದ್ದರಿಂದ, ಸೋತರೆ ನನ್ನ ಮತ್ತು ಅದರ ಸಂಬಂಧ ಅಲ್ಲಿಗೆ ಮುಗಿಯಿತು. ಮೂವರು ತೀರ್ಪುಗಾರರ ಮುಂದೆ ಎಂಟು ನಿಮಿಷದ ನಿಧಾನಗತಿಯ ಕೃತಿಯನ್ನು, ನನ್ನ ಅಭಿಪ್ರಾಯದಲ್ಲಿ, ಅದ್ಭುತವಾಗಿಯೇ ನುಡಿಸುತ್ತಿದ್ದೆ. ಮೂರನೇ ನಿಮಿಷಕ್ಕೆ ಸರಿಯಾಗಿ ನನ್ನ ಎಡಗಾಲು ತನ್ನ ಕರ್ತವ್ಯ ನೆನೆದು ಹಿಂದಕ್ಕೆ ಹಾರಿ, ಜೊತೆಗೆ ಪಿಯಾನೋ ನುಡಿಸುತ್ತಿದ್ದ ಹಿರಿಯ ಮೇಡಂ ಕೂತಿದ್ದ ಸ್ಟೂಲಿಗೆ ಬಡಿಯಿತು. ನಿಲ್ಲಿಸೆಂದು ಸನ್ನೆ ಮಾಡಿದೆನೆಂದು ತಿಳಿದು ಆ ಪುಣ್ಯಾತ್ಮೆ ನಿಲ್ಲಿಸಿದರು. ನಾನು ಒಬ್ಬನೇ ನುಡಿಸುತ್ತ ಮುಂದೆ ಹೋದೆ. ಅವರು ಓಡೋಡಿ ಬಂದು ಜೊತೆಗೂಡಿದರು. ಆರನೇ ನಿಮಿಷ ಹತ್ತಿರವಾದಾಗ ಅವರು ಸ್ಟೂಲನ್ನು ಒಂದು ಮೊಳ ಹಿಂದಕ್ಕೆಳೆದುಕೊಂಡು, ಕೈ ಚಾಚಿ, ಬೆಂಕಿ ಕಾಯಿಸಿಕೊಳ್ಳುವವರಂತೆ ನುಡಿಸುತ್ತಿದ್ದರಂತೆ. ತೀರ್ಪಿನ ಹಾಳೆಯಲ್ಲಿ, ಮೂವರಲ್ಲೊಬ್ಬರಾದ, ಟ್ರಾಂಬೋನ್ ಎಂಬ ಊದುವಾದ್ಯದ ಪ್ರಾಧ್ಯಾಪಕರು ಬರೆದದ್ದು ಇಷ್ಟು: "ನಾದ ಚೆನ್ನಾಗಿದೆ. ಅಶಿಸ್ತೋ, ಕಾಯಿಲೆಯೋ ತಿಳಿಯಲಿಲ್ಲ. ಹತ್ತು ದಿನದ ನಂತರ ಮತ್ತೊಮ್ಮೆ, ಕೊನೆಯ ಬಾರಿ."

ಉಸಿರಮ್ಮನವರು ನನ್ನ ಹಿಂದೆಯೇ ನೆಲಮಾಳಿಗೆಗೆ ಇಳಿದು ಬಂದರು. ನಾನು ತಮ್ಮ ಕಡೆ ಬೆರಳು ತೋರಿಸಿ ಎಲ್ಲವನ್ನೂ ಒದರಿದೆ. ಅವರು ನಂಬಲಿಲ್ಲ. ತಮ್ಮ ವಾದ್ಯ ತೆಗೆದು, ಕಣ್ಣು ಮುಚ್ಚಿ, ಅದೇ ಕೃತಿಯನ್ನು ಶುರು ಮಾಡಿದರು. ನಾನು ಗೋಡೆಗೆ ಅಂಟಿ ನಿಂತೆ. ಅವರು ನುಡಿಸುವಾಗ ಅಲ್ಲಾಡುವ ಎದೆಗಾರಿಕೆ ಇಡೀ ಶಾಲೆಯಲ್ಲಿ ಯಾರಿಗೂ ಇಲ್ಲ. ಮೂರೂವರೆ ನಿಮಿಷಕ್ಕೆ ತಾವು, ಭೇದಭಾವವಿಲ್ಲದ ತಮ್ಮ ಸ್ವಭಾವಕ್ಕೆ ತಕ್ಕಂತೆ, ಪ್ರಾಧ್ಯಾಪಕಿಯವರನ್ನೂ ಇಲ್ಲವೆಂದು ಸಾರಿ ಆರಿಹೋದಿರಿ.

ಮಾನ್ಯರೇ, ತಾವು ಆರಿದ ಮೇಲೆ ಏನಾಯಿತೆಂದು ತಮಗೆ ತಿಳಿದಿರಲಾರದು. ಅವರು ನಿಲ್ಲಿಸಲಿಲ್ಲ. ಸ್ವರ ಯಾವಾಗ ಹುಟ್ಟಿತು, ಯಾವಾಗ ಉಸಿರಿಗೆ ಮರಳಿತು ಎಂಬ ಗಡಿಯೇ ಸಿಗಲಿಲ್ಲ. ಬೆರಳೊತ್ತುವ ಕೀಲಿಗಳ ಕೆಳಗಿನ ಚರ್ಮದ ಮೆತ್ತೆ ರಂಧ್ರದ ಮೇಲೆ ಕೂರುವ ಪುಟ್ಟ ತಪ್ ಸದ್ದು ಕೂಡ ಕೇಳಿಸುತ್ತಿತ್ತು. ಇದೇ ಕೃತಿಯನ್ನು ಮೂರು ತಿಂಗಳು ನುಡಿಸಿದ ನಾನು, ಅದನ್ನು ಕೇಳಿದ್ದು ಆವತ್ತೇ ಮೊದಲು. ಮುಗಿಸಿ ಕಣ್ಣು ಬಿಟ್ಟ ಮೇಲೆಯೇ ಅವರಿಗೆ ಗೊತ್ತಾದದ್ದು: "ಅಯ್ಯೋ, ಇದು ಯಾವಾಗ ಹೋಯ್ತು?" ಆಮೇಲೆ ಕತ್ತಲೆಯಲ್ಲೇ ನಕ್ಕರು. "ಮೂರು ನಿಮಿಷಕ್ಕೊಂದ್ಸಲ ನಾನಿದೀನಿ, ನಾನಿದೀನಿ ಅಂತ ದೀಪಕ್ಕೆ ಹೇಳ್ಕೊಂಡು ಕೂತಿದ್ಯಾ? ಕೇಳೋರಿಗೆ ಯಾವಾಗ ಹೇಳ್ತೀಯೋ, ಪೆದ್ದ?"

ಮರುಪರೀಕ್ಷೆಯ ದಿನ ಸಭಾಂಗಣವನ್ನು ವೃಂದಗಾನದವರು ಹಿಡಿದಿದ್ದರು. ವೇಳಾಪಟ್ಟಿಯ ಗುಮಾಸ್ತರು ನಮ್ಮನ್ನು, ಬೇರೆಲ್ಲೂ ಜಾಗವಿಲ್ಲವೆಂದು, ತಮ್ಮ ಪಾದಮೂಲಕ್ಕೇ ಕಳಿಸಿದರು. ಪಿಯಾನೋ ಮೇಡಂ "ನನಗೆ ಸೊಂಟ ಇನ್ನೂ ಬೇಕಪ್ಪಾ" ಎಂದು ಹೇಳಿ ಕಳಿಸಿದ್ದರಿಂದ ನಾನು ಒಂಟಿಯಾಗಿಯೇ ನುಡಿಸಬೇಕಾಯಿತು. ಕೊಠಡಿಯಲ್ಲಿ ಜಾಗ ಸಾಲದೆ ತೀರ್ಪುಗಾರರು ಬಾಗಿಲು ತೆರೆದಿಟ್ಟು ಹೊರಗಿನ ಕಾರಿಡಾರಿನಲ್ಲಿ ಸಾಲಾಗಿ ಕುರ್ಚಿ ಹಾಕಿಕೊಂಡರು; ಟ್ರಾಂಬೋನಿನವರು ಕನ್ನಡಕ ಒರೆಸಿಕೊಂಡು ನನ್ನ ಎಡಗಾಲಿನ ಮೇಲೇ ಕಣ್ಣಿಟ್ಟರು. ಮೂರನೇ ನಿಮಿಷಕ್ಕೆ ಕಾಲು ತುರಿಸಿತು, ಸೆಳೆಯಿತು, ಬೇಡಿಕೊಂಡಿತು. ನಾನು ಬಿಡಲಿಲ್ಲ. ತಾವು ಆರಿದಿರಿ. ನಾನು ಹೆದರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಆ ಹೊತ್ತಿಗೆ ಒಂದು ಸ್ವರ ಅರ್ಧದಲ್ಲಿತ್ತು, ಅದನ್ನು ನಡುನೀರಿನಲ್ಲಿ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಕೊನೆಯವರೆಗೂ ಕತ್ತಲೆ. ಮುಗಿದ ಮೇಲೆ ಕಾರಿಡಾರಿನಿಂದ ಟ್ರಾಂಬೋನಿನವರ ದನಿ ಬಂತು: "ಇಷ್ಟು ಹೊತ್ತೂ ದೀಪ ಹತ್ತಲಿಲ್ಲ ಅಂದ್ರೆ ಅಲ್ಲಾಡಿಲ್ಲ ಅಂತಲೇ ಆಯ್ತಲ್ರೀ. ಯಂತ್ರಾನೇ ರುಜು ಹಾಕಿದೆ, ನಮ್ಮದೇನಿದೆ? ಉಳಿಸ್ಕೊಳ್ಳಿ ಹುಡುಗನ್ನ."

ಹೀಗೆ ನಾನು ಇಲ್ಲವೆಂದು ತಾವು ಕೊಟ್ಟ ಪ್ರಮಾಣಪತ್ರದ ಬಲದಿಂದಲೇ ನಾನು ಇಲ್ಲಿ ಉಳಿದಿದ್ದೇನೆ. ಈ ಉಪಕಾರದ ಭಾರದಿಂದ ತಲೆ ಬಾಗಿಸಿಯೇ (ಬಾಗಿಸಿದೊಡನೆ ತಾವು ಹತ್ತಿಕೊಂಡಿರೆಂಬುದನ್ನೂ ಗಮನಿಸಿದ್ದೇನೆ) ಕೆಲವು ಸಣ್ಣ ಕೋರಿಕೆಗಳನ್ನು ಮುಂದಿಡುತ್ತೇನೆ. ತಾವು ಕಣ್ಣಿನ ಜೊತೆಗೆ ಒಂದು ಕಿವಿಯನ್ನೂ ಬೆಳೆಸಿಕೊಳ್ಳುವ ಕೃಪೆ ಮಾಡಬೇಕು. ಒಂದೇ ಸಾಕು, ಎರಡು ಕಿವಿಯಿರುವ ತೀರ್ಪುಗಾರರೂ ಹೆಚ್ಚಾಗಿ ಒಂದನ್ನೇ ಬಳಸುವುದು. ಅದು ಬೆಳೆಯುವವರೆಗೆ, ಮನುಷ್ಯರಿಗೂ ಕುರ್ಚಿಗಳಿಗೂ ಇರುವ ವ್ಯತ್ಯಾಸವನ್ನು ಉಸಿರಮ್ಮನವರ ಬಳಿ ವಾರಕ್ಕೊಂದು ಪಾಠದಂತೆ ಕಲಿಯಬೇಕು; ಎರಡು ರಬ್ಬರುಗಳನ್ನು ನಾನೇ ಒದಗಿಸುತ್ತೇನೆ, ಭುಜಗಳ ವ್ಯವಸ್ಥೆ ಮಾತ್ರ ತಮ್ಮದು. ಕಡೆಯದಾಗಿ, ಮೂರು ತಿಂಗಳು ತಮ್ಮ ಸೇವೆಯಲ್ಲಿ ಸವೆದ ನನ್ನ ಎಡಗಾಲಿಗೆ ಯಾವುದಾದರೂ ಸೇವಾ ಪದಕ ದಯಪಾಲಿಸಬೇಕು.

ಇದ್ದೇನೆಂದು ಇನ್ನು ಮುಂದೆ ತಮಗೆ ರುಜುವಾತು ಕೊಡದಿರಲು ನಿರ್ಧರಿಸಿರುವ,

ತಮ್ಮ ವಿಶ್ವಾಸಿ,
ನಾಲ್ಕನೇ ಕೊಠಡಿಯ ನಿರ್ಜನ ಸ್ಥಳ

ಮರೆತ ಮಾತು: ತಮ್ಮ ದಕ್ಷತೆಯನ್ನು ಮೆಚ್ಚಿ, ಮೇಲಿನ ಅಂತಸ್ತಿನ ಆಡಳಿತ ಕಚೇರಿಯಲ್ಲೂ ತಮ್ಮ ಬಂಧುವೊಬ್ಬರನ್ನು ಕೂರಿಸಿದ್ದಾರೆ. ಸೋಮವಾರದಿಂದ ಅಲ್ಲಿ ಕತ್ತಲೆಯಂತೆ. ಸಿಬ್ಬಂದಿಯೆಲ್ಲ ಹಾಜರಿದ್ದಾರೆ, ಈವರೆಗೆ ಯಾರಿಂದಲೂ ದೂರು ಬಂದಿಲ್ಲ.